ಮೊದಲ ಬ್ಯಾಕಪ್: ಯಾವುದು ಮೊದಲು, ಯಾವ ದಾರಿಯಲ್ಲಿ

ಕಚೇರಿಯೊಂದರ ದತ್ತಾಂಶವನ್ನು ದಿನವೂ ಬ್ಯಾಕಪ್ ಮಾಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ನಿನ್ನೆಯಿಂದ ಇವತ್ತಿಗೆ ಬದಲಾಗಿರುವುದು ಕೆಲವೇ ಜಿಬಿ ಇರುತ್ತದೆ, ತಂತ್ರಾಂಶ ಅದನ್ನು ರಾತ್ರಿ ತಾನೇ ಕಳುಹಿಸಿ ಮುಗಿಸುತ್ತದೆ. ಕಷ್ಟವಿರುವುದು ಮೊದಲ ಸಲ. ಹತ್ತು ಹದಿನೈದು ವರ್ಷಗಳಿಂದ ಕೂಡಿಬಿದ್ದದ್ದೆಲ್ಲ ಒಟ್ಟಿಗೆ ಹೊರಡಬೇಕು, ಆದರೆ ಹೊರಡುವ ದಾರಿ ಕಿರಿದು.

ಬ್ಯಾಕಪ್ ಸೇವೆ ಕೊಡುವ ಅನೇಕರು ಹೊಸ ಗ್ರಾಹಕರ ಕಚೇರಿಗೆ ಹೋಗಿ, ತಂತ್ರಾಂಶ ಹಾಕಿ, ಎಲ್ಲ ಡ್ರೈವ್‌ಗಳಿಗೂ ಟಿಕ್ ಮಾರ್ಕ್ ಕೊಟ್ಟು, ಶುರುಮಾಡುವ ಗುಂಡಿ ಒತ್ತಿ ಹೊರಟುಬಿಡುತ್ತಾರೆ. ಇದು ದೊಡ್ಡ ತಪ್ಪು. ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಲೆಕ್ಕ ಇಡುವ ತಂತ್ರಾಂಶವಾದ ಟ್ಯಾಲಿಯಲ್ಲಿರುವ ಈ ವರ್ಷದ ಲೆಕ್ಕವೂ, ಹತ್ತು ವರ್ಷದ ಹಿಂದಿನ ಆಯುಧಪೂಜೆಯ ವಿಡಿಯೊವೂ ಅದರ ಪಾಲಿಗೆ ಒಂದೇ. ಅಕ್ಷರಾನುಕ್ರಮದಲ್ಲಿ ಆಯುಧಪೂಜೆ ಮುಂದೆ ಬಂದರೆ ಮೊದಲು ಸುರಕ್ಷಿತವಾಗುವುದು ಅದೇ. ಎರಡು ವಾರದ ನಂತರ ಹಾರ್ಡ್ ಡಿಸ್ಕ್ ಕೈಕೊಟ್ಟರೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್‌ನೆಟ್ ಮೂಲಕ ತಲುಪುವ ದೂರದ ಸರ್ವರ್‌ನಲ್ಲಿ, ಪೂಜೆಯ ವಿಡಿಯೊ ಇರುತ್ತದೆ, ಲೆಕ್ಕ ಇರುವುದಿಲ್ಲ. ಆದ್ದರಿಂದ ಗುಂಡಿ ಒತ್ತುವ ಮೊದಲೇ ಯಾವುದು ಮೊದಲು ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು, ತಲುಪಿದೆ ಎಂದು ಯಾವಾಗ ಒಪ್ಪಿಕೊಳ್ಳಬೇಕು ಎಂಬುದನ್ನು ಮನುಷ್ಯರೇ ಕುಳಿತು ತೀರ್ಮಾನಿಸಬೇಕು.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ಒಂದು ಲೆಕ್ಕಪರಿಶೋಧಕರ ಕಚೇರಿ. ಒಂದು ಸರ್ವರ್, ಹನ್ನೆರಡು ಕಂಪ್ಯೂಟರ್, ಒಟ್ಟು 2 ಟಿಬಿ (2,000 ಜಿಬಿ) ದತ್ತಾಂಶ. ಅದರಲ್ಲಿ ಟ್ಯಾಲಿಯಲ್ಲಿರುವ ಕಕ್ಷಿದಾರ ಕಂಪನಿಗಳ ಲೆಕ್ಕ ಬರೀ 40 ಜಿಬಿ. ಕಕ್ಷಿದಾರರ ರಿಟರ್ನ್‌ಗಳು ಮತ್ತು ಸ್ಕ್ಯಾನ್ ಮಾಡಿದ ಕಾಗದಪತ್ರಗಳು 600 ಜಿಬಿ. ಇಮೇಲ್ 160 ಜಿಬಿ. ಉಳಿದ 1,200 ಜಿಬಿ ಹಳೆಯ ವರ್ಷಗಳ ಕಡತ, ಬಿಟ್ಟುಹೋದ ನೌಕರರ ಫೋಲ್ಡರ್, ಒಂದೇ ಫೋಲ್ಡರಿನ ನಾಲ್ಕು ನಕಲು. ಅಂಕಿಗಳು ನಾನು ಇಟ್ಟುಕೊಂಡವು, ಆದರೆ ಈ ಅನುಪಾತ ಯಾವ ಕಚೇರಿಯವರಿಗೂ ಅಪರಿಚಿತವಲ್ಲ. ವ್ಯವಹಾರದ ಜೀವ ಇರುವುದು ಒಟ್ಟು ಗಾತ್ರದ ಸಣ್ಣದೊಂದು ಪಾಲಿನಲ್ಲಿ.

ಆ ಸಣ್ಣ ಪಾಲು ಎಲ್ಲಿದೆ ಎಂದು ಮಾಲೀಕರನ್ನು ಕೇಳಿದರೆ "ಎಲ್ಲವನ್ನೂ ಹಾಕಿಬಿಡಿ" ಎನ್ನುತ್ತಾರೆ. ಅದು ಉತ್ತರವಲ್ಲ. ದಿನವಿಡೀ ಅದರಲ್ಲೇ ಕೆಲಸ ಮಾಡುವ ಹಿರಿಯ ಸಹಾಯಕರನ್ನು ಕೇಳಬೇಕು. "ಮೇಡಂ, ನಾಳೆ ಬೆಳಿಗ್ಗೆ ಬಂದಾಗ ಈ ಸರ್ವರ್ ಇಲ್ಲ ಅಂದುಕೊಳ್ಳಿ. ಯಾವುದಿಲ್ಲದಿದ್ದರೆ ಹತ್ತು ಗಂಟೆಗೇ ಕೆಲಸ ನಿಲ್ಲುತ್ತದೆ?" ಎಂದರೆ ಅವರು ಕೂತಲ್ಲೇ ಹೇಳುತ್ತಾರೆ. ಟ್ಯಾಲಿ ಡೇಟಾ ಸರ್ವರ್‌ನಲ್ಲಿದೆ ಎಂದು ಮಾಲೀಕರು ನಂಬಿದ್ದರೂ, ಇಬ್ಬರು ಸಹಾಯಕರು ನಾಲ್ಕು ಕಂಪನಿಗಳ ಲೆಕ್ಕವನ್ನು ತಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿರುವುದು ಬೆಳಕಿಗೆ ಬರುವುದು ಇಂಥ ಮಾತಿನಲ್ಲೇ. ಟ್ಯಾಲಿಯ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್ ಹಾಕುವಾಗ ಯಾರೂ ಡೇಟಾ ಇಡುವ ಜಾಗ ಬದಲಿಸದಿದ್ದರೆ ಅದು ಸಿ ಡ್ರೈವ್‌ನಲ್ಲಿ ಪಬ್ಲಿಕ್ ಬಳಕೆದಾರರ ಫೋಲ್ಡರಿನೊಳಗೆ ಡೇಟಾ ಇಡುತ್ತದೆ. ಅಲ್ಲಿ ಕಂಪನಿಯ ಹೆಸರು ಕಾಣಿಸುವುದಿಲ್ಲ, ಅಂಕಿಯ ಹೆಸರಿನ ಫೋಲ್ಡರ್‌ಗಳು ಮಾತ್ರ ಇರುತ್ತವೆ. 'ಮೈ ಡಾಕ್ಯುಮೆಂಟ್ಸ್' ಮತ್ತು ಡೆಸ್ಕ್‌ಟಾಪ್ ಎರಡನ್ನೇ ಆರಿಸಿ ಬ್ಯಾಕಪ್ ಮಾಡಿದವರಿಗೆ ಅದು ಸಿಗುವುದೇ ಇಲ್ಲ.

ಗಂಟೆಗೆ ಎಷ್ಟು ಹೋಗುತ್ತದೆ

ಈಗ ದಾರಿಯ ಅಗಲ ನೋಡೋಣ. ಇಂಟರ್‌ನೆಟ್ ಕಂಪನಿಗಳು ವೇಗವನ್ನು ಬಿಟ್‌ನಲ್ಲಿ ಹೇಳುತ್ತವೆ, ನಮ್ಮ ಕಡತಗಳ ಗಾತ್ರ ಇರುವುದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಜೊತೆಗೆ, ಬ್ಯಾಕಪ್‌ಗೆ ಬೇಕಾದದ್ದು ಅಪ್‌ಲೋಡ್ ವೇಗ, ಅಂದರೆ ಇಲ್ಲಿಂದ ಹೊರಗೆ ಕಳುಹಿಸುವ ವೇಗ. ಬಿಲ್ಲಿನಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಎಂದಿದ್ದರೂ ಕೆಲವು ಸಂಪರ್ಕಗಳಲ್ಲಿ ಅಪ್‌ಲೋಡ್ ಅದರ ಐದನೇ ಒಂದು ಭಾಗ ಮಾತ್ರ ಇರುತ್ತದೆ. ಅಳೆದೇ ನೋಡಬೇಕು, ಅದೂ ಎಲ್ಲರೂ ಕೆಲಸದಲ್ಲಿರುವ ಮಧ್ಯಾಹ್ನ ಒಮ್ಮೆ, ಕಚೇರಿ ಮುಚ್ಚಿದ ಮೇಲೆ ಒಮ್ಮೆ.

ನಮ್ಮ ಉದಾಹರಣೆಯ ಕಚೇರಿಗೆ 20 ಎಂಬಿಪಿಎಸ್ ಅಪ್‌ಲೋಡ್ ಇದೆ ಎನ್ನೋಣ. ಅಂದರೆ ಸೆಕೆಂಡಿಗೆ 2.5 ಎಂಬಿ, ಗಂಟೆಗೆ 9 ಜಿಬಿ. 2 ಟಿಬಿ ಹೋಗಲು ಸುಮಾರು 222 ಗಂಟೆ ಬೇಕು, ಹಗಲೂ ರಾತ್ರಿ ಬಿಡುವಿಲ್ಲದೆ ಒಂಬತ್ತು ದಿನಕ್ಕಿಂತ ಹೆಚ್ಚು. ಹಗಲು ಕಚೇರಿಯವರಿಗೆ ಇಂಟರ್‌ನೆಟ್ ಬೇಕು, ಹಾಗಾಗಿ ರಾತ್ರಿ ಹತ್ತು ಗಂಟೆಗಳ ಕಾಲ ಮಾತ್ರ ಕಳುಹಿಸಿದರೆ 22 ರಾತ್ರಿಗಳು. ಇದು ಯಾವ ಅಡ್ಡಿಯೂ ಬಾರದಿದ್ದರೆ. ವಿದ್ಯುತ್ ಹೋಗುತ್ತದೆ, ಯುಪಿಎಸ್ ಒಂದು ಗಂಟೆಗೆ ಕೈಚೆಲ್ಲುತ್ತದೆ, ಯಾರೋ ಅಭ್ಯಾಸಬಲದಿಂದ ಸರ್ವರ್ ಕೋಣೆಯ ಸ್ವಿಚ್ ಆರಿಸಿ ಮನೆಗೆ ಹೋಗುತ್ತಾರೆ. ಇದರ ಮೇಲೆ ಬ್ರಾಡ್‌ಬ್ಯಾಂಡ್ ಕಂಪನಿಯ ನ್ಯಾಯಬಳಕೆ ಮಿತಿ. 'ಅನಿಯಮಿತ' ಎಂದು ಮಾರುವ ಹಲವು ಫೈಬರ್ ಯೋಜನೆಗಳಲ್ಲೂ ತಿಂಗಳಿಗೆ 3,300 ಜಿಬಿಯ ಮಿತಿ ಇರುತ್ತದೆ, ಅಪ್‌ಲೋಡ್ ಕೂಡ ಅದರಲ್ಲೇ ಸೇರುತ್ತದೆ. ಮಿತಿ ದಾಟಿದ ಮೇಲೆ ವೇಗ ಕುಸಿದು ತಿಂಗಳ ಕೊನೆಗೆ ಜಿಎಸ್‌ಟಿ ಪೋರ್ಟಲ್ ತೆರೆಯದಿದ್ದರೆ ಬೈಗುಳ ಬೀಳುವುದು ಬ್ಯಾಕಪ್ ಮಾಡಿಕೊಟ್ಟವರಿಗೆ.

ಅದೇ ಲೆಕ್ಕದಲ್ಲಿ 40 ಜಿಬಿ ಟ್ಯಾಲಿ ಡೇಟಾ ಹೋಗಲು ಬೇಕಾದದ್ದು ನಾಲ್ಕೂವರೆ ಗಂಟೆ. ಒಂದೇ ರಾತ್ರಿ ಸಾಕು. ಮೊದಲ ಬ್ಯಾಕಪ್‌ನ ಇಡೀ ಜಾಣತನ ಈ ವ್ಯತ್ಯಾಸದಲ್ಲಿದೆ. 2 ಟಿಬಿಯನ್ನು ಒಂದೇ ಕೆಲಸವೆಂದು ನೋಡಿದರೆ 22 ರಾತ್ರಿ ಏನೂ ಸುರಕ್ಷಿತವಲ್ಲ. ಪಾಲು ಮಾಡಿಕೊಂಡರೆ ಮೊದಲ ರಾತ್ರಿಯೇ ಕಚೇರಿಯ ಜೀವ ಹೊರಗೆ ಭದ್ರವಾಗುತ್ತದೆ, ಉಳಿದದ್ದಕ್ಕೆ ನಿಧಾನವಾಗಿ ದಾರಿ ಹುಡುಕಬಹುದು.

ಮುಖ್ಯವಾದದ್ದನ್ನು ಮೊದಲು ಕಳುಹಿಸಲು ಇನ್ನೊಂದು ಕಾರಣವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ವರ್ಷಗಟ್ಟಲೆ ತನ್ನ ಕೆಲವೇ ಭಾಗಗಳನ್ನು ಮತ್ತೆ ಮತ್ತೆ ಓದುತ್ತಾ ಇರುತ್ತದೆ. ಪೂರ್ಣ ಬ್ಯಾಕಪ್ ಎಂದರೆ ಅದರ ಮೂಲೆಮೂಲೆಯನ್ನೂ ಗಂಟೆಗಟ್ಟಲೆ ಎಡೆಬಿಡದೆ ಓದಿಸುವುದು. ಅಲ್ಲಿಯವರೆಗೆ ಬಚ್ಚಿಟ್ಟುಕೊಂಡಿದ್ದ ಕೆಟ್ಟ ಸೆಕ್ಟರ್‌ಗಳು (ಓದಲಾಗದ ತುಣುಕುಗಳು) ಆಗ ಹೊರಬೀಳುತ್ತವೆ, ಸೋತಿದ್ದ ಡಿಸ್ಕ್ ಆ ಭಾರಕ್ಕೇ ನಿಂತುಹೋಗಲೂಬಹುದು. ರಕ್ಷಿಸಲು ಬಂದ ದಿನವೇ ಡಿಸ್ಕ್ ಸಾಯಬಹುದು. ಆದ್ದರಿಂದ ಮೊದಲು ಡಿಸ್ಕ್‌ನ ಆರೋಗ್ಯ ಸೂಚಿಯನ್ನು ಓದಿ, ನಂತರ ಚಿಕ್ಕದಾದ, ಅಮೂಲ್ಯವಾದ ಪಾಲನ್ನು ತೆಗೆದುಕೊಂಡು, ಆಮೇಲಷ್ಟೇ ಉಳಿದದ್ದಕ್ಕೆ ಕೈಹಾಕಬೇಕು. ವೈರಸ್ ತಪಾಸಣೆಯೂ ಈ ಹಂತದಲ್ಲೇ ಆಗಬೇಕು. ಸೋಂಕಿತ ಕಡತಗಳನ್ನೇ ಮೊದಲ ಪ್ರತಿಯಾಗಿ ಇಟ್ಟುಕೊಂಡರೆ ಮುಂದಿನ ಪ್ರತಿಗಳೆಲ್ಲ ಅದರ ಮೇಲೆಯೇ ಕಟ್ಟಿಕೊಳ್ಳುತ್ತವೆ.

ಡಿಸ್ಕ್‌ನಲ್ಲಿ ಕಳುಹಿಸುವುದು

ಉಳಿದ ದೊಡ್ಡ ಪಾಲಿಗೆ ರಸ್ತೆಯೇ ಒಳ್ಳೆಯದು. ಯುಎಸ್‌ಬಿ 3 ಹಾರ್ಡ್ ಡಿಸ್ಕ್‌ಗೆ ಸೆಕೆಂಡಿಗೆ ಸುಮಾರು 100 ಎಂಬಿ ಬರೆಯಬಹುದು. 2 ಟಿಬಿಗೆ ಐದೂವರೆ ಗಂಟೆ. ಸಣ್ಣ ಸಣ್ಣ ಕಡತಗಳು ಲಕ್ಷಗಟ್ಟಲೆ ಇದ್ದರೆ ಇನ್ನೂ ಹೆಚ್ಚು. ಆ ಡಿಸ್ಕ್ ರಾತ್ರಿ ಹುಬ್ಬಳ್ಳಿಯಿಂದ ಹೊರಟು ಬೆಳಿಗ್ಗೆ ಬೆಂಗಳೂರಿನ ಬ್ಯಾಕಪ್ ಕೇಂದ್ರ ತಲುಪುತ್ತದೆ. ಎರಡೂ ಕಡೆ ನಕಲು ಮಾಡುವ ಹೊತ್ತನ್ನು ಸೇರಿಸಿ ಒಂದು ಪೂರ್ತಿ ದಿನ ಹಿಡಿಯಿತು ಎಂದರೂ ಅದು 185 ಎಂಬಿಪಿಎಸ್ ಅಪ್‌ಲೋಡ್‌ಗೆ ಸಮ. ಇದನ್ನು ಈ ವೃತ್ತಿಯಲ್ಲಿ 'ಸೀಡಿಂಗ್' ಎನ್ನುತ್ತಾರೆ. ಅಮೆಜಾನ್ ತನ್ನ ಕ್ಲೌಡ್ ಗ್ರಾಹಕರಿಗಾಗಿ 2015ರಲ್ಲಿ ದತ್ತಾಂಶ ತುಂಬಿ ಸಾಗಿಸುವ ಸ್ನೋಬಾಲ್ ಎಂಬ ಪೆಟ್ಟಿಗೆಯನ್ನು ತಂದದ್ದು ಇದೇ ತರ್ಕದ ಮೇಲೆ. ಇಂಟರ್‌ನೆಟ್ಟಿನ ದೈತ್ಯರೇ ದೊಡ್ಡ ದತ್ತಾಂಶವನ್ನು ಲಾರಿಯಲ್ಲಿ ಸಾಗಿಸಲು ಹಿಂಜರಿಯುವುದಿಲ್ಲ.

ಆದರೆ ಡಿಸ್ಕ್ ಕೈಯಿಂದ ಕೈಗೆ ಹೋಗುವಾಗ ಎಚ್ಚರಿಕೆ ಬೇಕು. ಅದರಲ್ಲಿರುವುದು ನೂರಾರು ಜನರ ಪ್ಯಾನ್, ಬ್ಯಾಂಕ್ ವಿವರ, ಆದಾಯ. ಮೂಲ ಕಚೇರಿಯಲ್ಲೇ ಇರುವುದರಿಂದ ಡಿಸ್ಕ್ ಕಳೆದರೂ ದತ್ತಾಂಶ ನಾಶವಾಗುವುದಿಲ್ಲ, ಆದರೆ ಸೋರಿಕೆಯಾಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ ಭದ್ರತೆಯ ಕ್ರಮ ಕೈಗೊಳ್ಳದೆ ಸೋರಿಕೆಗೆ ಕಾರಣವಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆದ್ದರಿಂದ ಡಿಸ್ಕ್‌ಗೆ ಬರೆಯುವಾಗಲೇ ಗೂಢಲಿಪೀಕರಣ (ಕೀಲಿಯಿಲ್ಲದೆ ಓದಲಾಗದಂತೆ ಮಾಡುವುದು) ಆಗಬೇಕು, ಪಾಸ್‌ವರ್ಡ್ ಅದೇ ಪೊಟ್ಟಣದಲ್ಲಿ ಹೋಗಬಾರದು. ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಎಷ್ಟು ಹೊತ್ತಿಗೆ ಎಂಬುದಕ್ಕೆ ಸಹಿಯಿರುವ ರಸೀದಿ ಇರಬೇಕು. ತಲುಪಿದ ಮೇಲೆ ಕಡತಗಳ ಚೆಕ್‌ಸಮ್, ಅಂದರೆ ಕಡತದ ಒಳಗಿನಿಂದ ಲೆಕ್ಕಹಾಕಿ ಬರುವ ಗುರುತಿನ ಸಂಖ್ಯೆ, ಎರಡೂ ಕಡೆ ತಾಳೆಯಾಗಬೇಕು. ಒಂದು ಅಕ್ಷರ ಬದಲಾದರೂ ಚೆಕ್‌ಸಮ್ ಬೇರೆಯಾಗುವುದರಿಂದ ದಾರಿಯಲ್ಲಿ ಕೆಟ್ಟಿದ್ದು ಅಡಗಿ ಕೂರಲು ಸಾಧ್ಯವಿಲ್ಲ.

ಡಿಸ್ಕ್ ತಲುಪಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರಲ್ಲಿರುವ ಪ್ರತಿಯೇ 'ಮೊದಲ ಪೂರ್ಣ ಪ್ರತಿ' ಎಂದು ಬ್ಯಾಕಪ್ ತಂತ್ರಾಂಶ ಒಪ್ಪಿಕೊಂಡು, ಡಿಸ್ಕ್ ಹೊರಟ ದಿನದಿಂದ ಇಲ್ಲಿಯವರೆಗೆ ಬದಲಾದದ್ದನ್ನಷ್ಟೇ ಇಂಟರ್‌ನೆಟ್‌ನಲ್ಲಿ ಕಳುಹಿಸಬೇಕು. ಇದಕ್ಕಾಗಿ ಡಿಸ್ಕ್‌ಗೆ ಬರೆಯುವಾಗ ಬಳಸಿದ ತಂತ್ರಾಂಶ, ಗೂಢಲಿಪಿಯ ಕೀಲಿ, ಫೋಲ್ಡರ್‌ಗಳ ದಾರಿ ಎಲ್ಲವೂ ಮುಂದಿನ ದೈನಂದಿನ ಬ್ಯಾಕಪ್‌ಗೆ ಹೊಂದಿಕೆಯಾಗಿರಬೇಕು. ವಿಂಡೋಸ್‌ನಲ್ಲಿ ಎಳೆದು ತಂದು ಕಾಪಿ ಮಾಡಿದ ಡಿಸ್ಕ್ ಕಳುಹಿಸಿದರೆ ತಂತ್ರಾಂಶ ಅದನ್ನು ಗುರುತಿಸದೆ 2 ಟಿಬಿಯನ್ನು ಮತ್ತೆ ಮೊದಲಿನಿಂದ ಕಳುಹಿಸಲು ಶುರುಮಾಡುತ್ತದೆ. ಸೇವೆ ಕೊಡುವ ಕಂಪನಿ ಸೀಡಿಂಗ್ ಒಪ್ಪುತ್ತದೆಯೇ, ಯಾವ ರೂಪದಲ್ಲಿ ಒಪ್ಪುತ್ತದೆ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಎಲ್ಲ ಗ್ರಾಹಕರಿಗೂ ಡಿಸ್ಕ್ ಬೇಕಿಲ್ಲ. ನನ್ನ ಅಳತೆ ಸರಳ. ರಾತ್ರಿಗಳಲ್ಲಿ ಮಾತ್ರ ಕಳುಹಿಸಿ ಒಂದು ವಾರದೊಳಗೆ ಮುಗಿಯುವಂತಿದ್ದರೆ ಇಂಟರ್‌ನೆಟ್ ಸಾಕು. ಅದಕ್ಕಿಂತ ಹೆಚ್ಚಾದರೆ ಡಿಸ್ಕ್.

ಯಾವಾಗ ಮಾಡಬೇಕು ಎಂಬುದೂ ಗ್ರಾಹಕರ ಕೆಲಸದ ಪಂಚಾಂಗವನ್ನು ನೋಡಿ ನಿಶ್ಚಯವಾಗಬೇಕು. ಲೆಕ್ಕಪರಿಶೋಧಕರಿಗೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗಳ ಗಡುವು. ಆದಾಯ ತೆರಿಗೆಯ ಗಡುವು ಬರುವ ಜುಲೈ ಮತ್ತು ಸೆಪ್ಟೆಂಬರ್ ಕೊನೆಯ ವಾರಗಳಲ್ಲಿ ಆ ಕಚೇರಿಗಳಿಗೆ ಕಾಲಿಡಲೇಬಾರದು. 20 ದಾಟಿದ ಮೇಲಿನ ಶನಿವಾರ ಸಂಜೆ ಪ್ರಶಸ್ತ.

ತೆರೆದ ಕಡತಗಳು, ದೊಡ್ಡ ಕಡತಗಳು, ಫಾಂಟ್‌ಗಳು

ಗಾತ್ರದ ಲೆಕ್ಕ ಮುಗಿದರೂ ಕಡತದ ಸ್ವಭಾವ ತೊಂದರೆ ಕೊಡುತ್ತದೆ. ಯಾರೋ ವೋಚರ್ (ಲೆಕ್ಕದ ನಮೂದು) ಹಾಕುತ್ತಿರುವಾಗಲೇ ಟ್ಯಾಲಿಯ ಫೋಲ್ಡರನ್ನು ನಕಲು ಮಾಡಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿದ ಪ್ರತಿ ಸಿಗಬಹುದು. ಅದು ಕಾಣಲು ಪೂರ್ಣವಾಗಿಯೇ ಇರುತ್ತದೆ, ತೆರೆಯಲು ಹೋದಾಗ ದೋಷ ಗೊತ್ತಾಗುತ್ತದೆ. ವಿಂಡೋಸ್‌ನ ಷ್ಯಾಡೋ ಕಾಪಿ ಸೌಲಭ್ಯ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟುಕೊಂಡು ಅದರಿಂದ ನಕಲು ಮಾಡುತ್ತದೆ, ಅದನ್ನು ಬಳಸಲೇಬೇಕು. ಮೊದಲ ಪ್ರತಿಗೆ ಮಾತ್ರ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ, ಟ್ಯಾಲಿಯೊಳಗಿರುವ ಬ್ಯಾಕಪ್ ಆಯ್ಕೆಯಿಂದಲೇ ಪ್ರತಿ ಕಂಪನಿಯನ್ನೂ ತೆಗೆದು ಅದನ್ನೂ ಜೊತೆಗಿಡುವುದು. ಯಾವ ಕಂಪನಿಗೆ ಟ್ಯಾಲಿವಾಲ್ಟ್ (ಟ್ಯಾಲಿಯ ಲೆಕ್ಕವನ್ನು ಗೂಢಲಿಪಿಯಲ್ಲಿ ಇಡುವ ಸೌಲಭ್ಯ) ಪಾಸ್‌ವರ್ಡ್ ಇದೆ ಎಂದು ಬರೆದುಕೊಳ್ಳುವುದೂ ಅಗತ್ಯ. ಆ ಪಾಸ್‌ವರ್ಡ್ ಮರೆತರೆ ಬ್ಯಾಕಪ್ ಎಷ್ಟು ಚೆನ್ನಾಗಿದ್ದರೂ ಲೆಕ್ಕ ತೆರೆಯುವುದಿಲ್ಲ.

ಔಟ್‌ಲುಕ್ ತಂತ್ರಾಂಶ ಇಮೇಲ್‌ಗಳನ್ನೆಲ್ಲ ತುಂಬಿಡುವ ಪಿಎಸ್‌ಟಿ ಕಡತ ಇನ್ನೊಂದು ಬಗೆಯ ಕಾಟ. ಅದು ಒಂದೇ ಕಡತವಾಗಿ 50 ಜಿಬಿವರೆಗೂ ಬೆಳೆಯುತ್ತದೆ, ಒಂದು ಇಮೇಲ್ ಬಂದರೂ ಇಡೀ ಕಡತ 'ಬದಲಾಗಿದೆ' ಎಂದಾಗುತ್ತದೆ. ಕಡತ ಬದಲಾದರೆ ಪೂರ್ತಿ ಕಳುಹಿಸುವ ತಂತ್ರಾಂಶವಿದ್ದರೆ ಮೊದಲ ಬ್ಯಾಕಪ್ ಮುಗಿಯುವುದೇ ಇಲ್ಲ, ದಿನವೂ ಮೊದಲ ಬ್ಯಾಕಪ್ಪೇ. ಕಡತದೊಳಗೆ ಬದಲಾದ ತುಣುಕನ್ನಷ್ಟೇ ಕಳುಹಿಸುವ ತಂತ್ರಾಂಶ ಇಲ್ಲಿ ಅನಿವಾರ್ಯ.

ಮುದ್ರಣಾಲಯಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ ಇದೆ. ಇಪ್ಪತ್ತು ವರ್ಷಗಳ ಕನ್ನಡ ಪುಸ್ತಕಗಳು ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿವೆ. ಅವು ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿಲ್ಲ. ಕಡತ ಮಾತ್ರ ಉಳಿದು ಫಾಂಟ್ ಉಳಿಯದಿದ್ದರೆ ಹೊಸ ಕಂಪ್ಯೂಟರಿನಲ್ಲಿ ಅಕ್ಷರಗಳ ಬದಲು ರೋಮನ್ ಚಿಹ್ನೆಗಳ ರಾಶಿ ಕಾಣಿಸುತ್ತದೆ. ಫಾಂಟ್‌ಗಳು ವಿಂಡೋಸ್‌ನ ಸ್ವಂತ ಫೋಲ್ಡರಿನಲ್ಲಿರುತ್ತವೆ, 'ಸಿಸ್ಟಂ ಫೋಲ್ಡರ್ ಬೇಡ' ಎಂದು ಬಿಟ್ಟುಬಿಡುವ ಬ್ಯಾಕಪ್‌ನಲ್ಲಿ ಅವು ಬರುವುದಿಲ್ಲ. ಮುದ್ರಣಾಲಯದ ಮೊದಲ ಬ್ಯಾಕಪ್‌ನಲ್ಲಿ ಫಾಂಟ್‌ಗಳು, ತಂತ್ರಾಂಶದ ಇನ್‌ಸ್ಟಾಲರ್, ಪರವಾನಗಿಯ ಸಂಖ್ಯೆ ಇವು ಪುಸ್ತಕಗಳಿಗಿಂತ ಮೊದಲು ಹೋಗಬೇಕು. ಪುಸ್ತಕದ ಅಂತಿಮ ಪಿಡಿಎಫ್ ಇದ್ದರೆ ಅದೂ ಜೊತೆಗಿರಲಿ, ಫಾಂಟ್ ಸಾಮಾನ್ಯವಾಗಿ ಅದರೊಳಗೇ ಸೇರಿರುತ್ತದೆ. ಕನ್ನಡದ ಎಷ್ಟೋ ಸಣ್ಣ ಪ್ರಕಾಶಕರ ಬದುಕಿನ ಕೆಲಸ ಇಂಥ ಎರಡು ಮೂರು ಹಾರ್ಡ್ ಡಿಸ್ಕ್‌ಗಳ ಮೇಲೆ ನಿಂತಿದೆ. ಅದನ್ನು ಉಳಿಸುವ ಅವಕಾಶ ನಮಗೆ ಸಿಕ್ಕಾಗ ಅವಸರ ಮಾಡಬಾರದು.

ಎಲ್ಲಿಗೆ ಹೋಗಬೇಕು, ಕೀಲಿ ಯಾರ ಬಳಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ ಈ ನಿಯಮ ಇಂದಿಗೂ ಗಟ್ಟಿ. 'ಬೇರೆ ಸ್ಥಳ' ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಕೆಲವು ಗ್ರಾಹಕರು ಮೂಲ ಮತ್ತು ಪ್ರತಿ ಎರಡನ್ನೂ ಕಳೆದುಕೊಂಡರು.

ನಮ್ಮಲ್ಲಿ ಕಾನೂನೂ ಮಾತನಾಡುತ್ತದೆ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಆಗಬೇಕು, ಅದು ಭಾರತದೊಳಗೆ ಭೌತಿಕವಾಗಿ ಇರುವ ಸರ್ವರ್‌ನಲ್ಲಿರಬೇಕು. ಕ್ಲೌಡ್ ಖಾತೆ ತೆರೆಯುವಾಗ ಮುಂಬೈ, ಹೈದರಾಬಾದ್, ಪುಣೆ, ಚೆನ್ನೈ ಮುಂತಾದ ಭಾರತದ ಕೇಂದ್ರವನ್ನು ಆಯ್ದುಕೊಳ್ಳಬೇಕಾದದ್ದು ಮೊದಲ ಬ್ಯಾಕಪ್‌ಗೂ ಮುಂಚೆ. 2 ಟಿಬಿ ವಿದೇಶಕ್ಕೆ ಹೋದ ಮೇಲೆ ಕೇಂದ್ರ ಬದಲಿಸುವುದೆಂದರೆ ಎಲ್ಲವನ್ನೂ ಮತ್ತೆ ಸಾಗಿಸಿದಂತೆಯೇ. ಕಂಪನಿಗಳ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಉಳಿಸಿಕೊಳ್ಳಬೇಕೆಂಬ ನಿಯಮವೂ ಇದೆ. ಹಾಗಾಗಿ 'ಹಳೆಯದು' ಎಂದು ಏನನ್ನು ಬಿಡಬಹುದು ಎಂಬುದನ್ನು ಲೆಕ್ಕಪರಿಶೋಧಕರೇ ಹೇಳಲಿ, ತಂತ್ರಜ್ಞರು ಊಹಿಸಬಾರದು.

ಗೂಢಲಿಪಿಯ ಕೀಲಿ ಗ್ರಾಹಕರದ್ದು. ಸೇವೆ ಕೊಡುವವರ ಫೋನಿನಲ್ಲಿ ಮಾತ್ರ ಅದು ಇದ್ದರೆ, ಅವರು ಊರು ಬಿಟ್ಟ ದಿನ ಬ್ಯಾಕಪ್ ಇದ್ದೂ ಇಲ್ಲದಂತೆ. ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುಚ್ಚಿ, ಒಂದನ್ನು ಬ್ಯಾಂಕ್ ಲಾಕರಿನಲ್ಲಿ, ಇನ್ನೊಂದನ್ನು ಮಾಲೀಕರ ಮನೆಯಲ್ಲಿ ಇಡಿಸಬೇಕು. ಬ್ಯಾಕಪ್ ಖಾತೆಯ ಲಾಗಿನ್ ಸರ್ವರ್‌ನ ಲಾಗಿನ್‌ಗಿಂತ ಬೇರೆಯೇ ಆಗಿರಬೇಕು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ವೈರಸ್ ನುಗ್ಗಿದರೆ ಅದು ತಲುಪಬಲ್ಲ ಬ್ಯಾಕಪ್‌ಗಳನ್ನೂ ಹುಡುಕಿ ಅಳಿಸಲು ನೋಡುತ್ತದೆ. ನಕಲು ಮುಗಿದ ಡಿಸ್ಕನ್ನು ಸರ್ವರಿಗೆ ಚುಚ್ಚಿಯೇ ಬಿಡುವುದು ಇದೇ ಕಾರಣಕ್ಕೆ ಅಪಾಯ.

ಮುಗಿಯಿತು ಎನ್ನುವುದು ಯಾವಾಗ

ತೆರೆಯ ಮೇಲೆ ಹಸಿರು ಗುರುತು ಬಂದಾಗ ಅಲ್ಲ. ತಂತ್ರಾಂಶದ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಗೆ 2017ರ ಜನವರಿ 31ರಂದು ಆದದ್ದನ್ನು ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಓದಬೇಕು. ಎಂಜಿನಿಯರ್ ಒಬ್ಬರು ಎರಡನೆಯ ಸರ್ವರ್‌ನ ದತ್ತಾಂಶ ಅಳಿಸಲು ಹೋಗಿ ಮುಖ್ಯ ಸರ್ವರ್‌ನದ್ದನ್ನು ಅಳಿಸಿಬಿಟ್ಟರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರ ಬಳಿ ಬ್ಯಾಕಪ್‌ಗೆ ಒಂದಕ್ಕಿಂತ ಹೆಚ್ಚು ಏರ್ಪಾಡುಗಳಿದ್ದವು. ಆದರೆ ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು, ಕ್ಲೌಡ್‌ನಲ್ಲಿ ಅದರ ಪ್ರತಿಗಳು ಇರಲಿಲ್ಲ. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿದ್ದುದರಿಂದ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಒಬ್ಬರು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಅಂಥ ಕಂಪನಿಗೇ ಹೀಗಾದ ಮೇಲೆ ಹುಬ್ಬಳ್ಳಿಯ ಕಚೇರಿಗೆ ಹಸಿರು ಗುರುತನ್ನು ನಂಬಿ ಎಂದು ಹೇಳುವ ಧೈರ್ಯ ನನಗಿಲ್ಲ.

ಮೊದಲ ಬ್ಯಾಕಪ್ ಮುಗಿಯುವುದು ಅದನ್ನು ಬೇರೊಂದು ಕಂಪ್ಯೂಟರಿಗೆ ಮರಳಿ ಇಳಿಸಿ, ಗ್ರಾಹಕರ ಕಡೆಯವರೇ ತೆರೆದು ನೋಡಿದಾಗ. ಅದೇ ಸಹಾಯಕಿಯನ್ನು ಕೂರಿಸಿ, ಇಳಿಸಿದ ಪ್ರತಿಯಿಂದ ಟ್ಯಾಲಿ ತೆರೆಸಿ, ಒಂದು ಕಂಪನಿಯ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಗಳ ಪಟ್ಟಿ) ತೆಗೆಸಬೇಕು. ಬ್ಯಾಕಪ್ ತೆಗೆದ ಸಂಜೆ ಮುದ್ರಿಸಿಟ್ಟ ಟ್ರಯಲ್ ಬ್ಯಾಲೆನ್ಸ್ ಜೊತೆ ಮೊತ್ತ ತಾಳೆಯಾದರೆ ಸರಿ. ಐದಾರು ಸ್ಕ್ಯಾನ್ ಕಡತಗಳನ್ನು ಅವರು ಹೇಳಿದ ಕಡೆಯಿಂದ ತೆರೆಯಬೇಕು, ನಮಗೆ ಅನುಕೂಲವಾದ ಕಡೆಯಿಂದಲ್ಲ. ಇಳಿಸಲು ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಅನಾಹುತದ ದಿನ "ಎಷ್ಟು ಹೊತ್ತು ಬೇಕು?" ಎಂಬ ಪ್ರಶ್ನೆಗೆ ಅದೇ ಪ್ರಾಮಾಣಿಕ ಉತ್ತರ. ಈ ಪರೀಕ್ಷೆ ಆಗುವವರೆಗೆ ಸಾಗಿಸಿದ ಡಿಸ್ಕನ್ನು ಅಳಿಸಬಾರದು, ಆದ ಮೇಲೆ ಇಟ್ಟುಕೊಳ್ಳಬಾರದು.

ಈ ಎಲ್ಲದಕ್ಕೂ ಸಮಯ ಹಿಡಿಯುತ್ತದೆ, ಸಮಯಕ್ಕೆ ಬೆಲೆಯಿದೆ. ಮೊದಲ ಬ್ಯಾಕಪ್‌ನ ಶುಲ್ಕವನ್ನು ತಿಂಗಳ ಬಾಡಿಗೆಯೊಳಗೆ ಅಡಗಿಸದೆ ಪ್ರತ್ಯೇಕವಾಗಿ ಹೇಳಿ ಪಡೆಯುವುದೇ ಸರಿ. ಉಚಿತ ಎಂದು ಒಪ್ಪಿಕೊಂಡ ಕೆಲಸದಲ್ಲಿ ಮರಳಿ ಇಳಿಸಿ ನೋಡುವ ಹಂತವೇ ಮೊದಲು ಬಿಟ್ಟುಹೋಗುತ್ತದೆ.

ಕೊನೆಗೆ ಎರಡೂ ಕಡೆಯ ಸಹಿಯೊಂದಿಗೆ ಒಂದು ಪುಟ ಬೇಕು. ಏನೇನು ಬ್ಯಾಕಪ್ ಆಗಿದೆ ಎನ್ನುವುದಕ್ಕಿಂತ ಏನೇನು ಆಗಿಲ್ಲ ಎಂಬುದು ಅದರಲ್ಲಿ ದಪ್ಪಕ್ಷರದಲ್ಲಿರಲಿ. ಡಿಜಿಟಲ್ ಸಹಿಗೆ ಬಳಸುವ ಯುಎಸ್‌ಬಿ ಸಾಧನವಾದ ಡಿಎಸ್‌ಸಿ ಟೋಕನ್‌ನಲ್ಲಿರುವ ಕೀಲಿಯನ್ನು ನಕಲು ಮಾಡಲು ಬರುವುದಿಲ್ಲ, ಅದು ಕಳೆದರೆ ಹೊಸದನ್ನೇ ಪಡೆಯಬೇಕು. ನೌಕರರ ಫೋನಿನಲ್ಲಿರುವ ವಾಟ್ಸ್‌ಆ್ಯಪ್ ಬಿಲ್ಲುಗಳು, ಪೆನ್‌ಡ್ರೈವ್‌ಗಳು, ಮನೆಗೆ ಒಯ್ಯುವ ಲ್ಯಾಪ್‌ಟಾಪ್, ಇನ್ನು ಮುಂದೆ ಕೊಳ್ಳುವ ಹೊಸ ಕಂಪ್ಯೂಟರ್, ಇವು ಯಾವುವೂ ತಾವಾಗಿಯೇ ಸೇರುವುದಿಲ್ಲ. ಹೊಸ ಯಂತ್ರ ಬಂದ ದಿನ ಯಾರು ಯಾರಿಗೆ ಫೋನ್ ಮಾಡಬೇಕು ಎಂಬ ಸಾಲಿನಲ್ಲಿ ಒಬ್ಬರ ಹೆಸರು, ಒಂದು ಸಂಖ್ಯೆ ಬರೆದಿರಬೇಕು.